ಬೇರೆ ಕಂಪನಿಯ ಹಳೇ ಲೆನ್ಸು: ಕೊಳ್ಳುವ ಮುಂಚೆ ಏನೇನು ನೋಡಬೇಕು

"ಇದು ಕಂಪನಿ ಲೆನ್ಸ್ ಅಲ್ಲ ಅಲ್ವಾ? ಹಾಗಾದ್ರೆ ಡೂಪ್ಲಿಕೇಟ್ ತಾನೇ?" ಹೊಸದಾಗಿ ಫಿಲ್ಮ್ ಕ್ಯಾಮೆರಾ ಹಿಡಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ನಿಕಾನ್ ಬಾಡಿಗೆ (ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾಕ್ಕೆ) ನಿಕಾನ್ ಲೆನ್ಸು, ಪೆಂಟಾಕ್ಸ್ ಬಾಡಿಗೆ ಪೆಂಟಾಕ್ಸ್ ಲೆನ್ಸು ಎಂದು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ವಿವಿಟಾರ್, ಟ್ಯಾಮ್ರಾನ್, ಟೋಕಿನಾ, ಸೋಲಿಗಾರ್ ಎಂದು ಬರೆದದ್ದು ಕಂಡರೆ ಅನುಮಾನ ಶುರು.

ಡೂಪ್ಲಿಕೇಟ್ ಅಲ್ಲ. ಬಾಡಿ ಮಾಡಿದವರನ್ನು ಬಿಟ್ಟು ಬೇರೆಯವರು ಆ ಬಾಡಿಗೆ ಕೂರುವ ಹಾಗೆ ಮಾಡಿದ ಲೆನ್ಸು, ಅಷ್ಟೇ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ನಮ್ಮ ಸುತ್ತ ಎರಕ ಹೊಯ್ದು ಲೇಥ್ ಮೇಲೆ ತಿರುವಿದ ಪಾರ್ಟುಗಳು ಯಾವ್ಯಾವುದೋ ದೊಡ್ಡ ಕಂಪನಿಯ ಹೆಸರು ಹೊತ್ತು ಹೋಗುತ್ತವೆ. ಅದನ್ನು ಯಾರೂ ಡೂಪ್ಲಿಕೇಟ್ ಅನ್ನುವುದಿಲ್ಲ. ಕ್ಯಾಮೆರಾ ಲೋಕವೂ ಹಾಗೇ. ನಿಕಾನ್ ಎಫ್‌ಎಂ10 ಬಾಡಿಯನ್ನೇ ನಿಕಾನ್‌ಗಾಗಿ ಮಾಡಿಕೊಟ್ಟದ್ದು ಕೊಸೀನಾ ಎಂಬ ಇನ್ನೊಂದು ಜಪಾನಿ ಕಂಪನಿ.

ನಮ್ಮ ಟೇಬಲ್ಲಿನಲ್ಲಿ ಒಂದು ರೂಢಿ ಇದೆ. ಪಾರ್ಟಿನ ಮೇಲೆ ಯಾರ ಹೆಸರಿದೆ ಎಂದು ನೋಡಿ ಪಾಸ್ ಮಾಡುವುದಿಲ್ಲ. ಕೈಯಲ್ಲಿರುವ ಪೀಸ್ ಅಳೆದು ಪಾಸ್ ಮಾಡುತ್ತೇವೆ. ಹಳೇ ಲೆನ್ಸನ್ನೂ ನಾನು ಹಾಗೇ ನೋಡುವುದು. ಎರಡೇ ಪ್ರಶ್ನೆ: ನಿಜವಾಗಿ ಇದನ್ನು ಮಾಡಿದವರು ಯಾರು? ಇಷ್ಟು ವರ್ಷ ಈ ಪೀಸ್ ಎಲ್ಲಿ, ಹೇಗೆ ಬಿದ್ದಿತ್ತು? ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಯಾವುದು ಕೊಳ್ಳಬೇಕು, ಯಾವುದು ಬೇಡ

50 ಎಂಎಂ ಲೆನ್ಸನ್ನು ಬೇರೆ ಕಂಪನಿಯದು ಹುಡುಕಬೇಡಿ. ಆಗ ಬಾಡಿ ಕೊಂಡರೆ ಜೊತೆಗೇ ಅದೇ ಕಂಪನಿಯ 50 ಎಂಎಂ ಬರುತ್ತಿತ್ತು. ಹಾಗಾಗಿ ಅವು ಬೇಕಾದಷ್ಟಿವೆ, ಚೆನ್ನಾಗಿವೆ, ಅಗ್ಗವೂ ಹೌದು. ದುಡ್ಡು ಉಳಿಯುವುದು ಬೇರೆ ಅಳತೆಗಳಲ್ಲಿ.

ದೂರದ್ದನ್ನು ಹತ್ತಿರ ತರುವ 135 ಎಂಎಂ ಎಫ್2.8 ಕಣ್ಣು ಮುಚ್ಚಿ ಹುಡುಕಬಹುದು. (ಎಫ್ ಅಂದರೆ ಅಪರ್ಚರ್, ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿಯ ಅಳತೆ. ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು.) ಅದರ ವಿನ್ಯಾಸ ಸರಳ, ಗಾಜುಗಳು ಕಮ್ಮಿ. ಕೆಡಿಸುವುದೇ ಕಷ್ಟ. ಹೆಸರೇ ಕೇಳಿರದ ಬ್ರ್ಯಾಂಡಿನದ್ದೂ ಬಹಳ ಸಲ ಚೆನ್ನಾಗಿರುತ್ತದೆ.

28 ಎಂಎಂ ಹಾಗಲ್ಲ. ಎಸ್‌ಎಲ್‌ಆರ್, ಅಂದರೆ ಲೆನ್ಸಿನ ಮೂಲಕವೇ ಕನ್ನಡಿಯಲ್ಲಿ ನೋಡಿ ತೆಗೆಯುವ ಕ್ಯಾಮೆರಾದ ಒಳಗೆ ಕನ್ನಡಿ ಮೇಲೆ ಕೆಳಗೆ ಆಡಬೇಕು. ಹಾಗಾಗಿ ಲೆನ್ಸಿನ ಹಿಂಬದಿ ಫಿಲ್ಮಿನಿಂದ ದೂರ ಇರಬೇಕು. ಅಗಲದ ನೋಟ ಹಿಡಿಯುವ ಇಂಥ ಲೆನ್ಸಿನಲ್ಲಿ ಇದನ್ನು ಸಾಧಿಸಲು ಜಾಸ್ತಿ ಗಾಜು, ಜಾಸ್ತಿ ಜಾಣತನ ಬೇಕು. ಅಗ್ಗಕ್ಕೆ ಮಾಡಿದವುಗಳಲ್ಲಿ ಪೂರ್ತಿ ತೆರೆದಾಗ ಮೂಲೆಗಳು ಮಸುಕು. ಎಫ್8ಕ್ಕೆ ಇಳಿಸಿದರೆ ಬಹುತೇಕ ಸರಿಹೋಗುತ್ತದೆ. ಬಾದಾಮಿಯ ಬೆಟ್ಟ, ಅಗಸ್ತ್ಯ ತೀರ್ಥ ಎಂದು ಬಿಸಿಲಲ್ಲೇ ತೆಗೆಯುವವರಿಗೆ ಇದು ತೊಂದರೆಯೇ ಅಲ್ಲ. ಗುಹೆಯ ಒಳಗೆ ತೆಗೆಯುವವರಿಗೆ ತೊಂದರೆ.

ಬೇರೆ ಕಂಪನಿಗಳ ನಿಜವಾದ ಬಂಗಾರ ಇರುವುದು ಮ್ಯಾಕ್ರೋದಲ್ಲಿ, ಅಂದರೆ ತೀರ ಹತ್ತಿರದಿಂದ ತೆಗೆಯುವ ಲೆನ್ಸುಗಳಲ್ಲಿ. 1979ರಲ್ಲಿ ಬಂದ ಟ್ಯಾಮ್ರಾನ್ ಎಸ್‌ಪಿ 90 ಎಂಎಂ ಎಫ್2.5 ಕ್ಯಾಮೆರಾ ಕಂಪನಿಗಳ ಮ್ಯಾಕ್ರೋಗಳ ಪಕ್ಕ ತಲೆ ಎತ್ತಿ ನಿಲ್ಲುತ್ತದೆ. ವಿವಿಟಾರ್ ಸೀರೀಸ್ 1 ಹೆಸರಿನ 90 ಎಂಎಂ ಎಫ್2.5 ಅನ್ನು ಮಾಡಿದ್ದು ಟೋಕಿನಾ. ಆಮೇಲೆ ಅದೇ ಲೆನ್ಸು ಟೋಕಿನಾ ಎಟಿ-ಎಕ್ಸ್ ಹೆಸರಲ್ಲೂ ಬಂತು. ಕೈರಾನ್ 105 ಎಂಎಂ ಎಫ್2.8 ಯಾವ ಅಡಾಪ್ಟರೂ ಇಲ್ಲದೆ ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಫಿಲ್ಮಿನ ಮೇಲೆ ಮೂಡಿಸುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನ ಎಳೆ ಎಳೆ ಬೇಕು ಅನ್ನುವವರು ಇವುಗಳಲ್ಲಿ ಯಾವುದು ಸಿಕ್ಕರೂ ಬಿಡಬೇಡಿ. ಅಷ್ಟು ದುಡ್ಡಿಲ್ಲ ಅಂದರೆ ವಿವಿಟಾರಿನ 2 ಎಕ್ಸ್ ಮ್ಯಾಕ್ರೋ ಫೋಕಸಿಂಗ್ ಟೆಲಿಕನ್ವರ್ಟರ್ ನೋಡಿ. ನಿಮ್ಮ 50 ಎಂಎಂ ಹಿಂದೆ ಹಾಕಿದರೆ ಅದೂ ನಿಜ ಗಾತ್ರಕ್ಕೆ ಹೋಗುತ್ತದೆ.

ಚಿಕ್ಕ ಜೂಮ್‌ಗಳು, ಅಂದರೆ 35–70, 28–80 ತರಹದವು, ನನಗೆ ಬೇಡವೇ ಬೇಡ. ಒಳ್ಳೆಯವು ಇಲ್ಲ ಅಂತಲ್ಲ. ಹುಡುಕುವ ಹೊತ್ತಿಗೆ 28 ಮತ್ತು 50 ಎರಡೂ ಕೈಗೆ ಬಂದಿರುತ್ತವೆ.

ಮಾಡಿದವರು ಯಾರು

ವಿವಿಟಾರ್ ಅಂದರೆ ಲೆನ್ಸ್ ಕಾರ್ಖಾನೆ ಅಲ್ಲ. ಪಾಂಡರ್ ಅಂಡ್ ಬೆಸ್ಟ್ ಎಂಬ ಅಮೆರಿಕದ ಆಮದು ಕಂಪನಿಯ ಬ್ರ್ಯಾಂಡ್. ಜಪಾನಿನ ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಹಾಗಾಗಿ "ವಿವಿಟಾರ್ ಹೇಗಿದೆ?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ವಿವಿಟಾರ್ ಎಂದು ಕೇಳಬೇಕು.

ಪುಣ್ಯಕ್ಕೆ ಅವರು ಸುಳಿವು ಬಿಟ್ಟಿದ್ದಾರೆ. ಎಪ್ಪತ್ತು, ಎಂಬತ್ತರ ದಶಕದ ಲೆನ್ಸುಗಳಲ್ಲಿ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಕಾರ್ಖಾನೆಯನ್ನು ಹೇಳುತ್ತವೆ. 22 ಅಂದರೆ ಕಿನೋ ಪ್ರಿಸಿಷನ್, ಕೈರಾನ್ ಲೆನ್ಸು ಮಾಡಿದವರು. 28 ಅಂದರೆ ಕೊಮಿನೆ. 37 ಅಂದರೆ ಟೋಕಿನಾ. ಒಂದೇ 9ರಿಂದ ಶುರುವಾದರೆ ಕೊಸೀನಾ. ಮುಂದಿನ ಅಂಕಿ ಸಾಮಾನ್ಯವಾಗಿ ವರ್ಷದ ಕೊನೆಯ ಅಂಕಿ, ಅದರಾಚೆಯ ಎರಡು ಅಂಕಿ ಆ ವರ್ಷದ ಎಷ್ಟನೇ ವಾರ ಎಂಬುದು. 28512 ಎಂದು ಶುರುವಾದ ನಂಬರ್ ನೋಡಿದರೆ ಕೊಮಿನೆ ಕಾರ್ಖಾನೆ, 75 ಅಥವಾ 85ರ ಇಸವಿ, ಹನ್ನೆರಡನೇ ವಾರ ಎಂದು ಓದಿಕೊಳ್ಳಬೇಕು. ನನ್ನಂಥ ಇನ್‌ಸ್ಪೆಕ್ಷನ್ ಹುಚ್ಚಿನವರಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು? 22, 28, 37 ಕಂಡರೆ ನಾನು ಕೆಳಗಿಡುವುದಿಲ್ಲ. ಈ ಲೆಕ್ಕ ವಿವಿಟಾರಿಗೆ ಮಾತ್ರ, ನೆನಪಿರಲಿ. ಬೇರೆ ಬ್ರ್ಯಾಂಡಿನ ನಂಬರನ್ನು ಹೀಗೆ ಓದಲು ಹೋಗಬೇಡಿ.

ವಿವಿಟಾರಿನ ಮೇಲ್ದರ್ಜೆಯ ಸಾಲಾದ ಸೀರೀಸ್ 1ರ 70–210 ಜೂಮ್ ನೋಡಿ. ಹೆಸರು ಒಂದೇ, ಮಾಡಿದವರು ಬೇರೆ ಬೇರೆ. ಮೊದಲನೆಯದು ಎಫ್3.5, ಕಿನೋ ಮಾಡಿದ್ದು, ಮುಂದೆ 67 ಎಂಎಂ ಫಿಲ್ಟರ್ ಕೂರುತ್ತದೆ. ಎರಡನೆಯದೂ ಎಫ್3.5, ಆದರೆ ಟೋಕಿನಾದ್ದು, ಫಿಲ್ಟರ್ 62. ಮೂರನೆಯದು ಕೊಮಿನೆಯ ಎಫ್2.8–4. ನನಗೆ ಮೂರನೆಯದು ಇಷ್ಟ. ಮೊದಲನೆಯದು ಕೈಯಲ್ಲಿ ಕಬ್ಬಿಣದ ತೂಕ. ಆಮೇಲಾಮೇಲೆ ಸೀರೀಸ್ 1 ಎಂಬ ಹೆಸರನ್ನೇ ಸಾಧಾರಣ ಲೆನ್ಸುಗಳಿಗೂ ಅಂಟಿಸಿದರು. ಹಾಗಾಗಿ ಬರೀ ಆ ಹೆಸರು ನೋಡಿ ದುಡ್ಡು ತೆಗೆಯಬೇಡಿ.

ಟ್ಯಾಮ್ರಾನ್, ಟೋಕಿನಾ, ಸಿಗ್ಮಾ ಹಾಗಲ್ಲ, ಅವರಿಗೆ ಸ್ವಂತ ಕಾರ್ಖಾನೆಗಳಿದ್ದವು. ಟ್ಯಾಮ್ರಾನಿನಲ್ಲಿ ಎಸ್‌ಪಿ, ಟೋಕಿನಾದಲ್ಲಿ ಎಟಿ-ಎಕ್ಸ್ ಎಂದಿದ್ದರೆ ಅದು ಅವರ ಮೇಲ್ದರ್ಜೆಯ ಮಾಲು.

ಲೋಹ ಅಂದರೆ ಒಳ್ಳೇದು, ಪ್ಲಾಸ್ಟಿಕ್ ಅಂದರೆ ಕೆಟ್ಟದ್ದು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಕೊಸೀನಾ ಮಾಡಿದ 100 ಎಂಎಂ ಎಫ್3.5 ಮ್ಯಾಕ್ರೋ ಒಂದಿದೆ. ವಿವಿಟಾರ್, ಫೀನಿಕ್ಸ್ ಮುಂತಾದ ಹೆಸರಲ್ಲೂ ಬಂದಿದೆ. ಹಿಡಿದರೆ ಆಟದ ಸಾಮಾನಿನ ಹಾಗೆ ಗಲಗಲ ಅನ್ನುತ್ತದೆ. ಚಿತ್ರ ಮಾತ್ರ ಗರಿಗರಿ.

ನಿಮ್ಮ ಬಾಡಿಗೆ ಕೂರುತ್ತದಾ?

ಇಲ್ಲಿ ನನ್ನ ಕೆಲಸದ ಭಾಷೆ ಬಂದೇ ಬರುತ್ತದೆ, ಬೇಜಾರಾಗಬೇಡಿ.

ಹಳೇ ಪೆಂಟಾಕ್ಸ್, ಪ್ರಾಕ್ಟಿಕಾ, ಜೆನಿಟ್ ಬಾಡಿಗಳಲ್ಲಿ ಎಂ42 ಸ್ಕ್ರೂ ಮೌಂಟ್ ಇರುತ್ತದೆ. ಮೌಂಟ್ ಅಂದರೆ ಲೆನ್ಸು ಬಾಡಿಗೆ ಕೂರುವ ಜಾಗ. 42 ಎಂಎಂ ವ್ಯಾಸ, 1 ಎಂಎಂ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ). ಟ್ಯಾಮ್ರಾನ್ 1957ರಲ್ಲಿ ತಂದ ಟಿ ಮೌಂಟ್ ಕೂಡ 42 ಎಂಎಂ ವ್ಯಾಸವೇ. ಆದರೆ ಅದರ ಪಿಚ್ 0.75. ನೋಡಲು ಎರಡೂ ಒಂದೇ. ಟಿ ಥ್ರೆಡ್ಡಿನ ಲೆನ್ಸನ್ನು ಎಂ42 ಬಾಡಿಗೆ ತಿರುವಿದರೆ ಸ್ವಲ್ಪ ದೂರ ಹೋಗಿ ಬಿಗಿಯುತ್ತದೆ. ಅಲ್ಲೇ ನಿಲ್ಲಿಸಿ. ಜೋರು ಮಾಡಿದರೆ ಬಾಡಿಯ ಥ್ರೆಡ್ಡೇ ಹೋಯಿತು. ಟಿ ಮೌಂಟ್ ಲೆನ್ಸಿಗೆ ನಿಮ್ಮ ಬಾಡಿಗೆ ತಕ್ಕ ಟಿ ರಿಂಗ್ ಬೇರೆ ಬೇಕು.

ಎಂ42 ಲೆನ್ಸನ್ನು ಪೆಂಟಾಕ್ಸ್ ಕೆ ಬಾಡಿಗೆ, ಉದಾಹರಣೆಗೆ ಕೆ1000ಕ್ಕೆ, ಅಡಾಪ್ಟರ್ ಹಾಕಿ ಧಾರಾಳವಾಗಿ ಬಳಸಬಹುದು. ಎರಡರಲ್ಲೂ ಮೌಂಟಿನಿಂದ ಫಿಲ್ಮಿಗೆ ಇರುವ ದೂರ 45.46 ಎಂಎಂ. ನಿಕಾನಿನಲ್ಲಿ ಅದು 46.5. ಒಂದು ಮಿಲಿಮೀಟರ್ ಜಾಸ್ತಿ, ಅಷ್ಟೇ. ಆದರೆ ಆ ಒಂದು ಮಿಲಿಮೀಟರಿಗೇ ದೂರದ ಗುಡ್ಡ ಫೋಕಸ್ಸಿಗೆ ಬರುವುದಿಲ್ಲ. ಗಾಜಿರುವ ಅಡಾಪ್ಟರ್ ಹಾಕಿದರೆ ಬರುತ್ತದೆ, ಆದರೆ ಆ ಅಗ್ಗದ ಗಾಜು ಲೆನ್ಸಿನ ಗುಣವನ್ನು ನುಂಗುತ್ತದೆ. ನಿಕಾನಿಗೆ ಎಂ42 ಬೇಡ.

ನಿಕಾನಿನವರಿಗೆ ಇನ್ನೊಂದು ಎಚ್ಚರಿಕೆ. 1977ರಲ್ಲಿ ಎಐ ಪದ್ಧತಿ ಬಂತು, ಲೆನ್ಸಿನ ಅಪರ್ಚರ್ ಎಷ್ಟೆಂದು ಬಾಡಿಗೆ ತಿಳಿಸುವ ವ್ಯವಸ್ಥೆ. ಅದಕ್ಕಿಂತ ಹಿಂದಿನ ಮೌಂಟಿನ ಲೆನ್ಸನ್ನು ಎಫ್‌ಎಂ2, ಎಫ್‌ಎಂ10 ಬಾಡಿಗೆ ಹಾಕಬಾರದು. ಮೌಂಟಿನ ಸುತ್ತ ಇರುವ ಪುಟ್ಟ ಕಡ್ಡಿಗೆ ಪೆಟ್ಟಾಗುತ್ತದೆ. ಹಳೇ ಎಫ್‌ಎಂ, ಎಫ್‌ಇಗಳಲ್ಲಿ ಆ ಕಡ್ಡಿಯನ್ನು ಮಡಚಿಡಬಹುದು. ಲೆನ್ಸಿನ ಅಪರ್ಚರ್ ರಿಂಗಿನ ಹಿಂಬದಿ ನೋಡಿ. ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಕತ್ತರಿಸಿದ್ದರೆ ಎಐ. ಸುತ್ತಲೂ ಒಂದೇ ಎತ್ತರ ಇದ್ದರೆ ಹಳೆಯದು. ಬೇರೆ ಕಂಪನಿಯವರು ಎರಡೂ ತರಹ ಮಾಡಿದ್ದಾರೆ.

ಪೆಂಟಾಕ್ಸಿನ ಆಟೋಫೋಕಸ್ ಬಾಡಿ ಇಟ್ಟುಕೊಂಡವರು ರಿಕೋ ಪಿನ್ ಇರುವ ಲೆನ್ಸಿನಿಂದ ದೂರ ಇರಿ. ಮೌಂಟಿನ ಹಿಂದೆ ಒಂದು ಹೆಚ್ಚುವರಿ ಪಿನ್ ಇರುತ್ತದೆ. ಅದು ಬಾಡಿಯ ಫೋಕಸ್ ಮೋಟಾರಿನ ತೂತಿಗೆ ಇಳಿದು ಲೆನ್ಸ್ ಹೊರಗೇ ಬರುವುದಿಲ್ಲ. ಕೆ1000 ತರಹದ ಬಾಡಿಯಲ್ಲಿ ಆ ತೂತೇ ಇಲ್ಲ, ಚಿಂತೆಯೂ ಇಲ್ಲ.

ಟ್ಯಾಮ್ರಾನ್ ಅಡಾಪ್ಟಾಲ್ 2 ಆದರೆ ಈ ತಲೆನೋವೆಲ್ಲ ಕಮ್ಮಿ. ಹಿಂದಿನ ಮೌಂಟನ್ನೇ ಬಿಚ್ಚಿ ಬದಲಿಸಬಹುದು. ಇವತ್ತು ಪೆಂಟಾಕ್ಸ್, ನಾಳೆ ನಿಕಾನ್. ಆದರೆ ಲೆನ್ಸು ಕೊಳ್ಳುವಾಗಲೇ ಮೌಂಟ್ ಜೊತೆಗಿದೆಯಾ ನೋಡಿಕೊಳ್ಳಿ. ಬಿಡಿ ಮೌಂಟ್ ಹುಡುಕುವುದು ಸುಮ್ನೆ ಅಲೆದಾಟ.

ಕೈಗೆ ಬಂದ ಮೇಲೆ

ಮೊದಲು ಗಾಜು ನೋಡಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ. ಮೊದಲು ಸ್ಕ್ರೂ ನೋಡಿ. ಹಿಂಬದಿಯ ಸ್ಕ್ರೂಗಳ ತಲೆ ಸವೆದಿದ್ದರೆ, ಮುಂದಿನ ಹೆಸರಿನ ರಿಂಗಿನ ಮೇಲೆ ಗೀರಿದ್ದರೆ, ಯಾರೋ ಒಳಗೆ ಕೈ ಹಾಕಿದ್ದಾರೆ. ಜಪಾನಿ ಲೆನ್ಸಿನ ಸ್ಕ್ರೂಗಳು ಜೆಐಎಸ್, ಅಂದರೆ ಜಪಾನಿನ ಮಾನಕದ ಅಳತೆಯವು. ನಮ್ಮ ಮಾಮೂಲಿ ಫಿಲಿಪ್ಸ್ ಡ್ರೈವರ್ ಹಾಕಿದರೆ ಜಾರಿ ತಲೆ ಕೆಡುತ್ತದೆ. ಅಂದರೆ ಸ್ಕ್ರೂ ಕೆಟ್ಟಿದೆ ಅನ್ನುವುದಕ್ಕಿಂತ, ಬಿಚ್ಚಿದವರಿಗೆ ಸರಿಯಾದ ಡ್ರೈವರ್ ಯಾವುದೆಂದೇ ಗೊತ್ತಿರಲಿಲ್ಲ. ಅವರು ಒಳಗಿನ ಗಾಜನ್ನು ಸರಿಯಾಗಿ ಕೂರಿಸಿರುತ್ತಾರಾ?

ಆಮೇಲೆ ಮುಂದಿನ ಫಿಲ್ಟರ್ ಥ್ರೆಡ್. ಒಂದು ಫಿಲ್ಟರ್ ತಿರುವಿ ನೋಡಿ. ಒಂದು ಕಡೆ ನೆಗ್ಗಿದ್ದರೆ ಲೆನ್ಸು ಬಿದ್ದಿದೆ. ಬಿದ್ದ ಲೆನ್ಸಿನಲ್ಲಿ ಗಾಜು ಅಕ್ಷದಿಂದ ಸರಿದಿರುವ ಸಾಧ್ಯತೆ ಇದೆ. ಅಂಥದ್ದರಲ್ಲಿ ಚಿತ್ರದ ಒಂದು ಬದಿ ಚೂಪು, ಇನ್ನೊಂದು ಬದಿ ಮಸುಕು.

ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸಿ. ಒಂದೇ ಬಿಗಿ ಇರಬೇಕು. ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ ಅಂದರೆ ಗ್ರೀಸ್ ಒಣಗಿದೆ. ಇದು ಸರಿ ಮಾಡಬಹುದಾದ ದೋಷ. ಲೆನ್ಸಿನ ಮುಂಭಾಗ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದಾಗ ಪ್ಲೇ, ಅಂದರೆ ಸಡಿಲ ಓಲಾಟ, ಕಂಡರೆ ಮಾತ್ರ ಹುಷಾರು.

ಈಗ ಅಪರ್ಚರ್. ರಿಂಗನ್ನು ಎಫ್16ಕ್ಕೆ ಇಟ್ಟು ಹಿಂದಿನ ಕಡ್ಡಿಯನ್ನು ಬೆರಳಿಂದ ಆಡಿಸಿ. ಕಂಡಿಯನ್ನು ಚಿಕ್ಕದು ದೊಡ್ಡದು ಮಾಡುವ ಒಳಗಿನ ತೆಳು ಎಲೆಗಳು ಪಟ್ ಅಂತ ಮುಚ್ಚಿ ಪಟ್ ಅಂತ ತೆರೆಯಬೇಕು. ಎಳೆದೆಳೆದು ಬಂದರೆ ಎಲೆಗಳ ಮೇಲೆ ಎಣ್ಣೆ ಬಂದಿದೆ. ಕೈರಾನಿನವರ ಲೆನ್ಸುಗಳಿಗೆ ಈ ಕಾಯಿಲೆ ಜಾಸ್ತಿ. ಶಟರ್ ತೆರೆಯುವ ಹೊತ್ತಿಗೆ ಎಲೆಗಳು ಪೂರ್ತಿ ಮುಚ್ಚಿರುವುದಿಲ್ಲ, ಫಿಲ್ಮಿಗೆ ಬೆಳಕು ಜಾಸ್ತಿ ಬೀಳುತ್ತದೆ.

ಕೊನೆಗೆ ಗಾಜು. ಅಪರ್ಚರ್ ಪೂರ್ತಿ ತೆರೆಯಿರಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ಕಂಡರೆ ಕಾಣಲಿ, ಏನೂ ಆಗಲ್ಲ. ಮುಂದಿನ ಗಾಜಿನ ಸಣ್ಣ ಗೀರೂ ಅಷ್ಟೇನೂ ಅಲ್ಲ. ಹಿಂದಿನ ಗಾಜಿನ ಗೀರು ಜಾಸ್ತಿ ತೊಂದರೆ. ಜೇಡರ ಬಲೆಯ ಎಳೆಗಳು ಕವಲೊಡೆದ ಹಾಗೆ ಕಂಡರೆ ಫಂಗಸ್. ಇಡೀ ಗಾಜಿಗೆ ಉಸಿರು ಬಿಟ್ಟ ಹಾಗೆ ಮಂಜಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವೋ ಗುಳ್ಳೆಯೋ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ. ಅದಕ್ಕೆ ಮನೆ ಮದ್ದು ಇಲ್ಲ, ಕೆಳಗಿಡಿ.

ವಿಜಯಪುರದಲ್ಲಿ ಹಳೇ ಸ್ಟುಡಿಯೋ ಒಂದರ ಕಪಾಟು ಖಾಲಿ ಮಾಡುತ್ತಿದ್ದ ಕಾಕಾ ಒಬ್ಬರ ಹತ್ತಿರ ಹೀಗೆ ಟಾರ್ಚ್ ತೆಗೆದಾಗ ಅವರು ನಕ್ಕರು.

"ಏನ್ ತಂಗಿ, ಡಾಕ್ಟರ್ ಗಂಟಲಾ ನೋಡ್ದಂಗ ನೋಡಾಕತ್ತಿ?"

"ಫಂಗಸ್ ಐತೇನ ನೋಡಾಕತ್ತೀನ್ರಿ ಕಾಕಾ."

"ನಮ್ಮ ಊರಾಗ ಮನಷ್ಯಾರಿಗೇ ನೀರಿಲ್ಲ, ಫಂಗಸ್ ಎಲ್ಲಿಂದ ಬರಬೇಕವಾ? ಎಣ್ಣಿ ಬಂದೈತೇನ ನೋಡಕೊ."

ಅವರು ಹೇಳಿದ್ದು ಸರಿ. ವಿಜಯಪುರ, ಬಾಗಲಕೋಟೆಯ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಬಿದ್ದಿದ್ದ ಲೆನ್ಸಿನಲ್ಲಿ ಗ್ರೀಸ್ ಒಣಗಿರುತ್ತದೆ, ಅದರ ಎಣ್ಣೆ ಹರಿದು ಎಲೆಗಳಿಗೆ ಬಂದಿರುತ್ತದೆ, ಸಂದುಗಳಲ್ಲಿ ಧೂಳು. ಆದರೆ ಗಾಜು ಸಾಮಾನ್ಯವಾಗಿ ಚೊಕ್ಕಟ. ನಮ್ಮ ಬೆಳಗಾವಿ, ಖಾನಾಪುರ, ಇಲ್ಲವೇ ಗೋವಾದಿಂದ ಬಂದದ್ದರಲ್ಲಿ ಯಂತ್ರ ನುಣ್ಣಗೆ ಆಡುತ್ತಿರುತ್ತದೆ, ಗಾಜಿಗೆ ಮಾತ್ರ ಮಳೆಗಾಲ ಹಿಡಿದಿರುತ್ತದೆ. ಒಣಗಿದ ಗ್ರೀಸ್, ಎಣ್ಣೆ ಹತ್ತಿದ ಎಲೆ ಕೆಲಸ ಬಲ್ಲವರ ಕೈಯಲ್ಲಿ ಸರಿಯಾಗುತ್ತವೆ. ಫಂಗಸ್ ಹಳೆಯದಾದರೆ ಗಾಜಿನ ಲೇಪನವನ್ನೇ ತಿಂದಿರುತ್ತದೆ. ಒರೆಸಿದರೂ ಗುರುತು ಹೋಗುವುದಿಲ್ಲ. ಹಾಗಾಗಿ ಎರಡು ಒಂದೇ ಬೆಲೆಗೆ ಸಿಕ್ಕರೆ ನಾನು ಒಣ ಊರಿನ ಲೆನ್ಸ್ ತರುತ್ತೇನೆ. ಆನ್‌ಲೈನಿನಲ್ಲಿ ಕೊಳ್ಳುವವರು ಮಾರುವವರ ಊರು ಕೇಳಿ. ಚರ್ಮದ ಚೀಲ ಜೊತೆಗಿದ್ದರೆ ಅದನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಟಾರ್ಚ್ ತೆಗೆಯುವ ಮೊದಲೇ ಅರ್ಧ ಉತ್ತರ ಸಿಕ್ಕಂತೆ.

ಲೇಪನ ಹೇಗಿದೆ ಎಂದು ನೋಡಲು ಟ್ಯೂಬ್‌ಲೈಟ್ ಸಾಕು. ಗಾಜಿನಲ್ಲಿ ಅದರ ಬಿಂಬಗಳನ್ನು ನೋಡಿ. ಹಸಿರು, ನೇರಳೆ ಎಂದು ಹಲವು ಬಣ್ಣ ಕಂಡರೆ ಮಲ್ಟಿಕೋಟ್. ಬರೀ ತೆಳು ನೀಲಿಯೋ ಕಂದು ಹಳದಿಯೋ ಆದರೆ ಒಂದೇ ಪದರ. ಬಿಳಿ ಬಿಂಬ ಅಂದರೆ ಲೇಪನವೇ ಇಲ್ಲ.

ಒಂದು ರೋಲು ಇದಕ್ಕೇ ಇಡಿ

ಫಿಲ್ಮಿನ ಬೆಲೆ ಗೊತ್ತಿದ್ದೂ ಹೇಳುತ್ತಿದ್ದೇನೆ. ಗೆಳೆಯರ ಮಿರರ್‌ಲೆಸ್ (ಕನ್ನಡಿಯಿಲ್ಲದ ಡಿಜಿಟಲ್) ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಮೊದಲು ನೋಡಬಹುದು, ಚೂಪು ಎಷ್ಟು ಎಂದು ತಿಳಿಯುತ್ತದೆ. ಆದರೆ ಅಲ್ಲಿ ಎರಡು ವಿಷಯ ಗೊತ್ತಾಗುವುದಿಲ್ಲ. ಅಡಾಪ್ಟರಿನಲ್ಲಿ ಅಪರ್ಚರ್ ಮೊದಲೇ ಮುಚ್ಚಿಕೊಂಡೇ ಇರುತ್ತದೆ, ಎಲೆ ನಿಧಾನವೋ ಚುರುಕೋ ಕಾಣುವುದಿಲ್ಲ. ಇನ್ನು ಬಹಳಷ್ಟು ಅಡಾಪ್ಟರುಗಳನ್ನು ಬೇಕಾದ ಅಳತೆಗಿಂತ ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ. ಹಾಗಾಗಿ ದೂರದ ಫೋಕಸ್ ಸರಿ ಇಲ್ಲದ ಲೆನ್ಸೂ ಅಲ್ಲಿ ಸರಿ ಇದ್ದಂತೆ ಕಾಣುತ್ತದೆ.

ನಾನು 100 ಅಥವಾ 200ರ ಫಿಲ್ಮ್ ಹಾಕಿ ಬೆಳಗಾವಿ ಕ್ಯಾಂಪಿನ ಹಳೇ ಕಲ್ಲಿನ ಕಾಂಪೌಂಡ್ ಗೋಡೆಗೆ ಎದುರಾಗಿ ಟ್ರೈಪಾಡ್ ನಿಲ್ಲಿಸುತ್ತೇನೆ. ಪೂರ್ತಿ ತೆರೆದು ಒಂದು, ಎಫ್5.6, ಎಫ್8, ಎಫ್16. ಅಪರ್ಚರ್ ಇಳಿಸಿದಷ್ಟೇ ಶಟರ್ ನಿಧಾನ ಮಾಡಿ, ಬೆಳಕು ಒಂದೇ ಇರಲಿ. ಎಫ್16ರ ನೆಗೆಟಿವ್ ಉಳಿದವಕ್ಕಿಂತ ದಟ್ಟ ಬಂದರೆ ಎಲೆಗಳು ನಿಧಾನ ಎಂದೇ ಅರ್ಥ. ನಾಲ್ಕೂ ಮೂಲೆಗಳನ್ನು ಹೋಲಿಸಿ. ನಾಲ್ಕೂ ಒಂದೇ ಸಮ ಮಸುಕಾದರೆ ಅದು ವಿನ್ಯಾಸದ ಮಿತಿ. ಒಂದೇ ಮೂಲೆ ಕೆಟ್ಟಿದ್ದರೆ ಆ ಪೀಸ್ ಕೆಟ್ಟಿದೆ, ವಾಪಸ್ ಕೊಡಿ.

ಯಳ್ಳೂರು ಗಡದ ಮೇಲೆ ನಿಂತು ದೂರಕ್ಕೆ ಒಂದು ತೆಗೆದರೆ ಅನಂತದ ಫೋಕಸ್ ತಿಳಿಯುತ್ತದೆ. ವಿಜಯಪುರದವರಿಗೆ ಇನ್ನೂ ಒಳ್ಳೆಯ ಜಾಗಗಳಿವೆ. ಗೋಳಗುಮ್ಮಟದ ಉದ್ದನೆಯ ಅಂಚುಗಳು, ಮೂಲೆಯ ಏಳಂತಸ್ತಿನ ಗೋಪುರಗಳು ಫ್ರೇಮಿನ ಬದಿಗೆ ಬರುವಂತೆ ಇಡಿ. ಗೆರೆ ಬಾಗಿದರೆ ಡಿಸ್ಟಾರ್ಷನ್. ಬಾರಾಕಮಾನಿಗೆ ಛಾವಣಿಯೇ ಇಲ್ಲ, ಕಮಾನುಗಳ ಸಂದಿಯಿಂದ ಸೂರ್ಯ ನೇರ ಲೆನ್ಸಿಗೆ ಬರುತ್ತಾನೆ. ಫ್ಲೇರ್, ಅಂದರೆ ಎದುರು ಬೆಳಕಿಗೆ ಚಿತ್ರ ಮಂಕಾಗುವುದು, ನೋಡಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಒಂದೇ ಪದರದ ಲೇಪನ ಇರುವ ಜೂಮ್ ಅಲ್ಲಿ ಇಡೀ ಚಿತ್ರವನ್ನೇ ತೊಳೆದುಬಿಡುತ್ತದೆ. ರಬ್ಬರ್ ಹುಡ್ ಹಾಕಿ ಇನ್ನೊಂದು ತೆಗೆಯಿರಿ, ಎಷ್ಟು ಸುಧಾರಿಸುತ್ತದೆ ನೋಡಿ. ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಕೈಯಲ್ಲೇ ಹಿಡಿದು ತೆಗೆಯುವುದು ಸುಲಭ.

ಲ್ಯಾಬಿನಿಂದ ಬಂದ ಸ್ಕ್ಯಾನ್ ನೋಡಿ ತೀರ್ಪು ಕೊಡಬೇಡಿ. ಸ್ಕ್ಯಾನರ್ ತಾನೇ ಚೂಪು ಮಾಡಿರುತ್ತದೆ. ಮೊಬೈಲಿನಲ್ಲಿ ಬಿಳಿ ಪರದೆ ತೆರೆದು ಅದರ ಮೇಲೆ, ಸ್ವಲ್ಪ ಎತ್ತರದಲ್ಲಿ, ನೆಗೆಟಿವ್ ಹಿಡಿಯಿರಿ. ನಿಮ್ಮ 50 ಎಂಎಂ ಲೆನ್ಸನ್ನು ತಿರುಗಾಮುರುಗಾ ಮಾಡಿ ಕಣ್ಣಿಗಿಟ್ಟರೆ ಐದು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಆಯಿತು.

ಪಾಸಾದ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಮುಳ್ಳು 40–50ರ ನಡುವೆ ಇರಲಿ. ಸಿಲಿಕಾ ಜೆಲ್ಲಿನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಆದರೆ ಅಡುಗೆಯ ತವೆ ಬೇಡ, ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ. ಅದಕ್ಕೇ ಒಂದು ಹಳೇ ಪಾತ್ರೆ ಇಟ್ಟುಕೊಳ್ಳಿ. ಬೆಳಗಾವಿಯವರು ಈ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಬಿಡಿ.